ಹೊರುವವರು ಯಾರು, ಹೊರಿಸುವವರು ಯಾರು?

ಹೋದ ಮಳೆಗಾಲಕ್ಕೆ ಮೊದಲು ಕಾಗಾಲದ ಒಬ್ಬ ಗಜನಿ ರೈತರು ನನ್ನನ್ನು ಹುಡುಕಿಕೊಂಡು ಕುಮಟೆಗೆ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಅವರ ಕಿರಿಯ ಮಗ ನಾನು ಮಾಸ್ತರಿಕೆ ಮಾಡುತ್ತಿದ್ದಾಗ ನನ್ನ ಕೈಕೆಳಗೆ ಏಳನೆಯ ಇಯತ್ತೆ ಕಲಿತವನು. ಚೀಲದೊಳಗಿಂದ ಮಡಿಕೆ ಸವೆದ ಒಂದು ಪಹಣಿ ತೆಗೆದು ನನ್ನ ಮುಂದೆ ಹರವಿದರು.

"ಮಾಸ್ತರ್ರೇ, ನನ್ನ ಗದ್ದೆ ಮೇಲೆ ಬೋಜಾ ಕೂತಿದೆಯಂತೆ. ನಾನು ಒಂದು ರೂಪಾಯಿ ಸಾಲ ತೆಗೆದವನಲ್ಲ. ಇದು ಹೆಂಗೆ?"

ಕೇಳುತ್ತ ಹೋದಂತೆ ಸಂಗತಿ ತಿಳಿಯಿತು. ಅವರ ಅಕ್ಕನ ಮಗ ದೋಣಿಗೆ ಇಂಜಿನ್ ಕೊಳ್ಳಲು ಸಾಲ ಎತ್ತಿದ್ದ. ಸಾಲ ಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ. ಎಲ್ಲ ಕಡೆಯೂ ನಡೆಯುವುದು ಇದೇ. ಸೋದರಮಾವನೆಂದು ಇವರು ಜಾಮೀನು ನಿಂತರು. ಮೇಜಿನ ಆಚೆ ಕುಳಿತ ಗುಮಾಸ್ತರು ಮರ್ಯಾದೆಯಿಂದಲೇ ಹೇಳಿದರು: "ಅಜ್ಜ, ನಿಮ್ಮ ಜಮೀನಿನ ಮೇಲೆ ಚಾರ್ಜ್ ಬರ್ತದೆ, ಒಪ್ಪಿಗೆ ಉಂಟಲ್ಲ?" ಇವರು ಕೇಳಿದರು: "ಎಷ್ಟು ಬರ್ತದೆ ಚಾರ್ಜು?" ಗುಮಾಸ್ತರು ಅಂದರು: "ಅದೆಲ್ಲ ನಿಮ್ಮ ಅಳಿಯನೇ ಕಟ್ತಾನೆ, ನೀವು ಕೊಡೋದು ಏನಿಲ್ಲ." ಇವರು ಸಮಾಧಾನದಿಂದ ಸಹಿ ಹಾಕಿದರು.

ಗುಮಾಸ್ತರು ಹೇಳಿದ್ದು ಸಾಲದ ವಿಷಯ. ಇವರು ತಿಳಿದದ್ದು ಅರ್ಜಿಗೋ ಕಾಗದಕ್ಕೋ ತಗಲುವ ಫೀಜಿನ ವಿಷಯ. ಬಸ್ಸಿಗೆ ಕೊಡುವುದು ಚಾರ್ಜು, ಹಿಟ್ಟಿನ ಗಿರಣಿಗೆ ಕೊಡುವುದು ಚಾರ್ಜು, ಝೆರಾಕ್ಸಿಗೆ ಕೊಡುವುದು ಚಾರ್ಜು. ಜಮೀನಿಗೂ ಹಾಗೆಯೇ ಏನೋ ಹತ್ತಿಪ್ಪತ್ತು ರೂಪಾಯಿ ಇರಬೇಕು, ಅದನ್ನೂ ಅಳಿಯನೇ ಕೊಡುತ್ತಾನಂತೆ ಎಂದುಕೊಂಡರು. ಒಂದೆರಡು ವರ್ಷದಲ್ಲಿ ಅಳಿಯನ ಕಂತು ನಿಂತಿತು. ಹೆಂಡತಿಯ ಶಸ್ತ್ರಕ್ರಿಯೆಗೆ ಹಣ ಬೇಕಾಗಿ ಇವರು ಗದ್ದೆಯ ಮೇಲೆ ಸಾಲ ಕೇಳಲು ಹೋದಾಗ ಪಹಣಿಯಲ್ಲಿ ಬೋಜಾ ಕಂಡಿತು. ಸಾಲ ಹುಟ್ಟಲಿಲ್ಲ.

ಆಗ ಅವರು ಹೇಳಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಅವತ್ತೇ ಬೋಜಾ ಅಂದಿದ್ರೆ ನಾನು ಕೈ ಹಿಂದೆ ತಕ್ಕೊಳ್ತಿದ್ದೆ."

ವಾಚಕ ಬಂಧುಗಳೇ, ಇದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಗುಮಾಸ್ತರು ಲಂಚ ಕೇಳಲಿಲ್ಲ, ಕಾಗದ ತಿದ್ದಲಿಲ್ಲ. ಆದರೂ ಒಬ್ಬ ಮನುಷ್ಯ ತನ್ನ ಗದ್ದೆಯನ್ನು ಒತ್ತೆ ಇಟ್ಟು, ಇಟ್ಟದ್ದೇ ಗೊತ್ತಾಗದೆ ಮನೆಗೆ ಬಂದ. ಅಪರಾಧವೆಲ್ಲ ಒಂದು ಇಂಗ್ಲಿಷು ಶಬ್ದದ ಹೊಟ್ಟೆಯೊಳಗೆ ಅಡಗಿತ್ತು. ಆ ಶಬ್ದವನ್ನು ಹಿಡಿದು ಸ್ವಲ್ಪ ವಿಚಾರಣೆ ಮಾಡುವುದು ಒಳ್ಳೆಯದು.

ಮೊದಲಿಗೆ ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಮೆಟ್ರಿಕ್ ಓದಿದವನು. ಇಂಗ್ಲಿಷು ಡಿಕ್ಷನರಿಯಲ್ಲಿ ಚಾರ್ಜ್ ಶಬ್ದದ ಕೆಳಗೆ ಎಷ್ಟು ಅರ್ಥಗಳಿವೆಯೋ ಅಷ್ಟನ್ನೂ ಉರುಹೊಡೆದವನು, ಮಕ್ಕಳಿಂದಲೂ ಉರುಹೊಡೆಸಿದವನು. ದರ, ದಾಳಿ, ಆಪಾದನೆ, ಅಧಿಕಾರ, ವಿದ್ಯುತ್ತಿನ ಶಕ್ತಿ, ಹೀಗೆ ಒಂದರ ಕೆಳಗೊಂದು ಬರೆಸಿ ಮಾರ್ಕು ಕೊಟ್ಟಿದ್ದೇನೆ. ಆದರೆ ಇಷ್ಟೆಲ್ಲ ಅರ್ಥ ಒಂದೇ ಶಬ್ದಕ್ಕೆ ಹೇಗೆ ಅಂಟಿಕೊಂಡಿತು, ಅವುಗಳನ್ನೆಲ್ಲ ಕಟ್ಟಿದ ಹುರಿ ಯಾವುದು ಎಂದು ನಾನೂ ಕೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಆ ಹುರಿ ಗೊತ್ತಿದ್ದರೆ ಕಾಗಾಲದ ಆ ಹಿರಿಯರ ಮಗನಾದರೂ ಅಂದು ತಂದೆಯ ಕೈ ಹಿಡಿಯುತ್ತಿದ್ದನೋ ಏನೋ.

ಈ ಶಬ್ದದ ಮೂಲ ಒಂದು ಗಾಡಿ. ಹಳೆಯ ಲ್ಯಾಟಿನ್ ಭಾಷೆಯಲ್ಲಿ ಕಾರ್ರುಸ್ ಎಂದರೆ ಗಾಡಿ. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಗಾಡಿಗೆ ಹೇರುವುದು ಎಂದು ಅರ್ಥ. ಅದು ಫ್ರೆಂಚರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ನಾವು ರಸ್ತೆಯಲ್ಲಿ ನೋಡುವ ಕಾರು, ಹಡಗಿಗೆ ತುಂಬುವ ಕಾರ್ಗೋ, ಎಲ್ಲವೂ ಒಂದೇ ಕುಟುಂಬದವು. ಚಾರ್ಜ್ ಎಂದರೆ ಹೇರು. ಡಿಸ್ಚಾರ್ಜ್ ಎಂದರೆ ಹೇರು ಇಳಿಸುವುದು.

ಕುಮಟೆಯವರಿಗೆ ಗಾಡಿಗೆ ಹೇರುವುದೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ನಮ್ಮ ಬಂದರಿಗೆ ಬಂದು, ಇಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಕುಮಟೆಯ ಮಣ್ಣಿನಲ್ಲಿ ಬೆಳೆಯದಿದ್ದರೂ ವಿಲಾಯತಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು. 1861ರಿಂದ 1865ರ ತನಕ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ವಿಲಾಯತಿಗೆ ಬರುವುದು ನಿಂತಾಗ ಈ ಹತ್ತಿಗೆ ಬೇಡಿಕೆ ಏರಿತು. ಹೊರೆ ಎಳೆದದ್ದು ಎತ್ತು. ಹೊತ್ತು ದೋಣಿಗೆ ಹಾಕಿದ್ದು ಹಮಾಲ. ಹೆಸರು ಬಂದರಿಗೆ ಬಂತು. ಲಾಭ ಎಲ್ಲಿಗೆ ಹೋಯಿತೆಂಬುದು ಎಲ್ಲರಿಗೂ ಗೊತ್ತು.

ಗಾಡಿಯ ಮೇಲೆ ಹೇರುವ ಈ ಶಬ್ದ ಮುಂದೆ ಎಲ್ಲದರ ಮೇಲೂ ಹೇರುವ ಶಬ್ದವಾಯಿತು. ಮನುಷ್ಯನ ಮೇಲೆ ಖರ್ಚು ಹೇರಿದರೆ ಚಾರ್ಜು. ತೋಪಿನೊಳಗೆ ಮದ್ದು ತುಂಬಿದರೆ ಚಾರ್ಜು. 1740ರ ದಶಕದಲ್ಲಿ ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಕೂಡಿಸಿ ಪ್ರಯೋಗ ಮಾಡುವಾಗ ಅದನ್ನೂ ಹೀಗೆಯೇ ಕರೆದನು. ಜಾಡಿಗಳ ಸಾಲಿಗೆ ಬ್ಯಾಟರಿ ಎಂದನು. ಬ್ಯಾಟರಿ ಎಂಬುದೂ ಮೊದಲು ತೋಪುಗಳ ಸಾಲಿನ ಹೆಸರೇ. ಇಂದು ನಮ್ಮ ಹುಡುಗರು ಗೋಡೆಗೆ ಮೊಬೈಲು ಸಿಕ್ಕಿಸಿ "ಚಾರ್ಜಿಗೆ ಹಾಕಿದ್ದೇನೆ" ಎನ್ನುವಾಗ ತೋಪಿಗೆ ಮದ್ದು ತುಂಬುವವರ ಮಾತನ್ನೇ ಆಡುತ್ತಾರೆ.

ತುಂಬಿದ ಆಯುಧ ಹಿಡಿದು ಎದುರಿನವನ ಮೈಮೇಲೆ ಏರಿ ಹೋಗುವುದೂ ಚಾರ್ಜಾಯಿತು. ಇಂಗ್ಲಿಷು ಪಾಠಮಾಲೆಯಲ್ಲಿ ಟೆನಿಸನ್ ಕವಿಯ ಪದ್ಯ ಓದಿದವರಿಗೆ ಬಾಲಕ್ಲಾವಾ ಕಾಳಗದ ಕಥೆ ನೆನಪಿರಬಹುದು. 1854ರ ಅಕ್ಟೋಬರ್ 25ರಂದು ಕ್ರಿಮಿಯಾದಲ್ಲಿ ಸುಮಾರು 670 ಜನ ಆಂಗ್ಲ ಕುದುರೆ ಸವಾರರು ರಶಿಯನರ ತೋಪುಗಳ ಬಾಯಿಗೇ ನುಗ್ಗಿದರು. ಗುಡ್ಡದ ಮೇಲೆ ನಿಂತ ಸೇನಾಪತಿ ರಾಗ್ಲನ್ ಚೀಟಿ ಬರೆಸಿ ಕಳಿಸಿದ್ದ: ಶತ್ರು ತೋಪುಗಳನ್ನು ಒಯ್ಯದಂತೆ ತಡೆಯಿರಿ ಎಂದು. ಯಾವ ತೋಪುಗಳೆಂದು ಚೀಟಿಯಲ್ಲಿ ಇರಲಿಲ್ಲ. ಮೇಲೆ ನಿಂತವನ ಕಣ್ಣಿಗೆ ಬಿದ್ದ ತೋಪುಗಳು ಬೇರೆ, ಕೆಳಗೆ ಕಣಿವೆಯಲ್ಲಿ ನಿಂತವರಿಗೆ ತೋರಿಸಿದ ತೋಪುಗಳು ಬೇರೆ. ನೂರಕ್ಕೂ ಹೆಚ್ಚು ಜನ ಸತ್ತರು. ಶೌರ್ಯದ ಪದ್ಯವೆಂದು ನಾವು ಅದನ್ನು ಪಾಠ ಹೇಳಿದೆವು. ಈಗ ನೋಡಿದರೆ ಅದು ಮೇಲಿನವನ ಅಸ್ಪಷ್ಟ ಮಾತಿಗೆ ಕೆಳಗಿನವನು ಪ್ರಾಣ ತೆತ್ತ ಕಥೆ. ಕಾಗಾಲದ ಹಿರಿಯರು ಸಹಿ ಹಾಕಿದ ಮೇಜಿನ ಎದುರು ನಡೆದದ್ದೂ ಅದೇ ಜಾತಿಯದು. ಮೇಜಿನ ಆಚೆಯವನಿಗೆ ಕಂಡ ಅರ್ಥ ಒಂದು, ಈಚೆಯವನಿಗೆ ಕಂಡದ್ದು ಇನ್ನೊಂದು. ನಷ್ಟ ಮಾತ್ರ ಯಾವಾಗಲೂ ಈಚೆಯವನಿಗೆ.

ನಮ್ಮ ದೇಶಕ್ಕೆ ಈ ದಾಳಿಯ ಚಾರ್ಜು ಬಂದದ್ದು ಲಾಠಿಯ ರೂಪದಲ್ಲಿ. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಸೈಮನ್ ಕಮಿಶನ್ನಿನ ವಿರುದ್ಧ ಮೆರವಣಿಗೆಯಲ್ಲಿದ್ದ ಲಾಲಾ ಲಜಪತರಾಯರ ಮೇಲೆ ಲಾಠಿಗಳು ಬಿದ್ದವು; ನವೆಂಬರ್ 17ರಂದು ಅವರು ತೀರಿಕೊಂಡರು. "ಲಾಠಿ ಚಾರ್ಜ್ ಆಯಿತು" ಎಂದು ಇಂದಿಗೂ ಪತ್ರಿಕೆಗಳು ಬರೆಯುತ್ತವೆ. ಮಳೆ ಆಯಿತು, ಬೆಳಗಾಯಿತು ಎಂಬಂತೆ ಅದು ತಾನಾಗಿ ಆಗುವುದಿಲ್ಲ. ಪೋಲೀಸರು ಹೊಡೆದರು, ಇಂಥವರು ಹೊಡೆಯಲು ಹೇಳಿದರು ಎಂದು ಬರೆದರೆ ಕರ್ತೃಪದ ಬೇಕಾಗುತ್ತದೆ. ಚಾರ್ಜ್ ಎಂದರೆ ಕರ್ತೃಪದ ತಪ್ಪಿಸಿಕೊಳ್ಳುತ್ತದೆ. ವ್ಯಾಕರಣ ಕಲಿಸಿದ ಮಾಸ್ತರನಿಗೆ ಈ ಕಳ್ಳತನ ಕೂಡಲೇ ತಿಳಿಯಬೇಕಿತ್ತು.

ಕೋರ್ಟಿನ ಚಾರ್ಜು ಇನ್ನೊಂದು. ಪೋಲೀಸರು ತನಿಖೆ ಮುಗಿಸಿ ಚಾರ್ಜ್‌ಶೀಟು ಸಲ್ಲಿಸಿದರೆಂದು ಸುದ್ದಿ ಬಂದ ದಿನವೇ ಹಳ್ಳಿಯಲ್ಲಿ ಆ ಮನುಷ್ಯನಿಗೆ ಶಿಕ್ಷೆಯಾಯಿತೆಂದು ತಿಳಿಯುತ್ತಾರೆ. ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ, ಕೆಲಸ ಕೊಟ್ಟವರು ನಾಳೆಯಿಂದ ಬರಬೇಡ ಎನ್ನುತ್ತಾರೆ. ಅದು ಪೋಲೀಸರ ಆರೋಪವಷ್ಟೆ. ನ್ಯಾಯಾಧೀಶರು ಅದನ್ನು ನೋಡಿ, ವಿಚಾರಣೆಗೆ ಆಧಾರವೇ ಇಲ್ಲವೆಂದು ಕಂಡರೆ ಆರಂಭದಲ್ಲೇ ಅವನನ್ನು ಬಿಡಬಹುದು. ಅದಕ್ಕೂ ಡಿಸ್ಚಾರ್ಜ್ ಎಂದೇ ಹೆಸರು. ಮಗನಿಗೆ ಡಿಸ್ಚಾರ್ಜ್ ಆಯಿತೆಂದು ಒಬ್ಬ ತಾಯಿ ಹೇಳಿದರೆ ಆಸ್ಪತ್ರೆಯಿಂದಲೋ ಕೋರ್ಟಿನಿಂದಲೋ ಎಂದು ಕೇಳಿ ತಿಳಿಯಬೇಕು. 1973ರ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಕಾಯ್ದೆಯ ಹೆಸರು ದೇಶೀಯವಾಯಿತು. ಠಾಣೆಯ ಕಟ್ಟೆಯ ಮೇಲೆ ಕಾದು ಕುಳಿತ ತಾಯಿಯ ಕಿವಿಗೆ ಬೀಳುವ ಶಬ್ದ ಚಾರ್ಜ್‌ಶೀಟೇ.

ಈಗ ನಮ್ಮ ಕನ್ನಡವನ್ನು ನೋಡೋಣ. ಇಂಗ್ಲಿಷಿನವರಿಗೆ ಗಾಡಿಯಿಂದ ಹುಟ್ಟಿದ್ದು ನಮಗೆ ಹೆಗಲಿನಿಂದ ಹುಟ್ಟಿದೆ. ಹೊರು ಎಂಬ ಎರಡಕ್ಷರದ ಧಾತು ಒಂದೇ ಸಾಕು. ಸಾಲದ ಹೊರೆ, ತೆರಿಗೆಯ ಹೊರೆ ಎನ್ನುತ್ತೇವೆ. ಅಧಿಕಾರ ವಹಿಸಿಕೊಂಡವನು ಹೊಣೆ ಹೊತ್ತನು ಎನ್ನುತ್ತೇವೆ. ಆಪಾದನೆ ಮಾಡಿದವನು ತಪ್ಪು ಹೊರಿಸಿದನು ಎನ್ನುತ್ತೇವೆ. ಇಂಗ್ಲಿಷಿನ ಚಾರ್ಜಿನಲ್ಲಿ ಇರುವುದರಲ್ಲಿ ಬಹುಪಾಲು ಈ ಒಂದು ಧಾತುವಿನಲ್ಲಿಯೂ ಇದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕನ್ನಡದಲ್ಲಿ ಹೊರುವುದು ಬೇರೆ, ಹೊರಿಸುವುದು ಬೇರೆ. ತನ್ನ ಹೆಗಲ ಮೇಲೆ ತಾನು ಎತ್ತಿಕೊಂಡರೆ ಹೊತ್ತನು. ಇನ್ನೊಬ್ಬನ ತಲೆಯ ಮೇಲೆ ಇಟ್ಟರೆ ಹೊರಿಸಿದನು. ನಡುವೆ ಇರುವುದು ಒಂದು "ಇಸು" ಪ್ರತ್ಯಯ. ಆ ಪ್ರತ್ಯಯ ಬಂತೆಂದರೆ ಇಬ್ಬರು ಮನುಷ್ಯರು ಕಣ್ಣಿಗೆ ಬೀಳುತ್ತಾರೆ: ಹೊರಿಸುವವನೊಬ್ಬ, ಹೊರುವವನೊಬ್ಬ. ಇಂಗ್ಲಿಷಿನ ಚಾರ್ಜು ಈ ಇಬ್ಬರನ್ನೂ ಒಂದೇ ಕಂಬಳಿ ಹೊದಿಸಿ ಮಲಗಿಸುತ್ತದೆ. ಅಧಿಕಾರಿ ಚಾರ್ಜ್ ತೆಗೆದುಕೊಂಡ ಎಂದರೂ ಚಾರ್ಜು, ಅದೇ ಅಧಿಕಾರಿ ಜನರಿಂದ ಹಣ ತೆಗೆದುಕೊಂಡರೂ ಚಾರ್ಜು. ಮೊದಲನೆಯದರಲ್ಲಿ ಅವನು ಹೊರಬೇಕು, ಎರಡನೆಯದರಲ್ಲಿ ನಾವು ಹೊರಬೇಕು. "ನಿಮ್ಮ ಜಮೀನಿನ ಮೇಲೆ ಸಾಲದ ಹೊರೆ ಹೊರಿಸುತ್ತೇವೆ, ಅವನು ಕಟ್ಟದಿದ್ದರೆ ನಿಮ್ಮ ಗದ್ದೆಯೇ ಹೊಣೆ" ಎಂದು ಅಂದು ಗುಮಾಸ್ತರು ಹೇಳಿದ್ದರೆ ಆ ಹಿರಿಯರಿಗೆ ಡಿಕ್ಷನರಿ ಬೇಕಾಗುತ್ತಿರಲಿಲ್ಲ.

ಒಂದು ಶಬ್ದಕ್ಕೆ ಎರಡು ಅಳತೆ ಇದ್ದರೆ ಬಡವನ ಗತಿ ಏನೆಂಬುದು ಈ ಭಾಗದವರಿಗೆ ಹೊಸದಲ್ಲ. ಘಟ್ಟದ ಮೇಲೆ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ನಡುವೆ ಇದ್ದದ್ದು ಗೇಣಿ ಅಳೆಯುವ ಕೊಳಗ. ಕೊಳಗವೆಂಬ ಹೆಸರು ಒಂದೇ. ಒಡೆಯನ ಕೊಳಗದ ಹೊಟ್ಟೆ ಮಾತ್ರ ದೊಡ್ಡದು. ಇಂತಿಷ್ಟು ಕೊಳಗ ಎಂದು ಮಾತಿನಲ್ಲಿ ಒಪ್ಪಿದವನು ಅಳೆಯುವಾಗ ಅದಕ್ಕಿಂತ ಹೆಚ್ಚು ಕೊಡಬೇಕಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಮುಂದಾಳಾಗಿ ನಿಂತರು, ಸಮಾಜವಾದಿಗಳು ಬೆನ್ನಿಗೆ ಬಂದರು, ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಕೊಳಗ ಈಗ ಅಟ್ಟ ಸೇರಿದೆ. ಎರಡು ಅಳತೆಯ ಶಬ್ದಗಳು ಮಾತ್ರ ಕಚೇರಿಗಳಲ್ಲಿ ಇನ್ನೂ ಚಲಾವಣೆಯಲ್ಲಿವೆ.

ಕೆಲವರು ಹೇಳುತ್ತಾರೆ: "ಮಾಸ್ತರರು ಪಕ್ಷದ ಕೆಲಸಕ್ಕೆ ಬಂದರೂ ಶಬ್ದದ ಹುಚ್ಚು ಬಿಟ್ಟಿಲ್ಲ. ಎಲ್ಲವನ್ನೂ ಅಚ್ಚ ಕನ್ನಡ ಮಾಡಿದರೆ ಸಾಲ ತೀರುತ್ತದೆಯೇ?" ತೀರುವುದಿಲ್ಲ. ನಾನು ಅಚ್ಚ ಕನ್ನಡದ ವ್ರತ ಹಿಡಿದವನೂ ಅಲ್ಲ. ಬಸ್ ಚಾರ್ಜು ಎಂದು ಕಾಗಾಲದ ಮುದುಕಿಗೂ ಗೊತ್ತು. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಅದು ಇಲ್ಲವೆಂಬುದೂ ಗೊತ್ತು. ಆ ಶಬ್ದ ಹಾಗೆಯೇ ಇರಲಿ. ಪಹಣಿಯಲ್ಲಿರುವ ಬೋಜಾ ಕೂಡ ಕನ್ನಡದ್ದಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಮರಾಠಿ ದಫ್ತರದಿಂದ ನಮ್ಮಲ್ಲಿಗೆ ಬಂದದ್ದು. ಆದರೂ ಅದು ಒಳ್ಳೆಯ ಶಬ್ದ. ಕಂಡ ಕೂಡಲೇ ಆ ಹಿರಿಯರಿಗೆ ಎದೆ ಝಲ್ಲೆಂದಿತು. ಇನ್ನೊಂದು ಕಡೆ ಸರಕಾರಿ ಕನ್ನಡದಲ್ಲಿ ಪ್ರಭಾರ, ಅಧಿಭಾರ ಎಂಬ ಶಬ್ದಗಳಿವೆ. ಅವುಗಳಲ್ಲಿಯೂ ಭಾರವೇ ಇದೆ. ಆದರೆ ನೂರು ಜನರಲ್ಲಿ ತೊಂಬತ್ತು ಜನರಿಗೆ ಅವು ಇಂಗ್ಲಿಷಿನಷ್ಟೇ ದೂರ. ಶಬ್ದ ಯಾವ ಊರಿನದೆಂಬ ಜಗಳ ನನಗೆ ಬೇಡ. ಸಹಿ ಹಾಕುವವನಿಗೆ ತಿಳಿಯಿತೇ ಎಂಬುದೊಂದೇ ಪ್ರಶ್ನೆ.

ಈ ಪ್ರಶ್ನೆ ಕೇಳಲು ನಮಗೆ ಹಕ್ಕಿದೆ. ಕರ್ನಾಟಕದ ಆಡಳಿತ ಭಾಷಾ ಕಾಯ್ದೆ 1963ರದು. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಜನಸಾಮಾನ್ಯರಿಗೆ ಕೊಡುವ ಸಾಲಗಳಿಗೆ ಬಡ್ಡಿ, ಶುಲ್ಕ ಮೊದಲಾದ ಮುಖ್ಯ ಸಂಗತಿಗಳ ಒಂದು ಪತ್ರಕವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅದನ್ನು ಕೇಳಿ ಪಡೆಯುವವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ? ಕೇಳದವನಿಗೆ ಕಾಯ್ದೆ ಇದ್ದೂ ಇಲ್ಲ.

ಚಾರ್ಜಿನ ಇನ್ನೊಂದು ಮುಖವನ್ನೂ ಹೇಳದೆ ಮುಗಿಸಬಾರದು. ಕಾಗಾಲದ ಗಜನಿ ಉಪ್ಪುನೀರಿನ ಅಂಚಿನ ಭೂಮಿ. ಅಘನಾಶಿನಿಯ ಭರತದ ನೀರಿಗೆ ಕಟ್ಟೆಯೇ ತಡೆ. ಕಟ್ಟೆ ಒಡೆದರೆ, ಉಪ್ಪು ತಡೆಯುವ ಕಗ್ಗ ಭತ್ತಕ್ಕೂ ಉಳಿಗಾಲವಿಲ್ಲ. ಕಟ್ಟೆ ಒಡೆದ ರಾತ್ರಿ ಮನೆಗೊಬ್ಬರು ಬುಟ್ಟಿ ಹಿಡಿದು ಹೋಗಿ ಮಣ್ಣು ಹೊರುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. 1948ರಲ್ಲಿ ಮುಂಬಯಿ ಸರಕಾರದ ಖಾರ್‌ಲ್ಯಾಂಡ್ ಕಾಯ್ದೆ ಬಂದು ಇಂಥ ಕಟ್ಟೆಗಳ ಕೆಲಸದಲ್ಲಿ ಸರಕಾರವೂ ಕೈ ಹಾಕಿತು. ಅದು ಬೇಕಾದದ್ದೇ, ಬಡವರ ಬುಟ್ಟಿಯಿಂದ ಸಮುದ್ರ ನಿಲ್ಲುವುದಿಲ್ಲ. ಆದರೆ ಈಗ ಕಟ್ಟೆ ಸೋರುತ್ತಿದೆಯೆಂದು ಅರ್ಜಿ ಹಿಡಿದು ಹೋದರೆ ಕೇಳಿಬರುವ ಮಾತು, "ಅದರ ಇನ್‌ಚಾರ್ಜ್ ಬೇರೆಯವರು." ಆ ಬೇರೆಯವರ ಹತ್ತಿರ ಹೋದರೆ, "ನಾನು ಇನ್‌ಚಾರ್ಜ್ ಅಷ್ಟೆ, ಖಾಯಂ ಸಾಹೇಬರು ಬರಲಿ." ಹೊರೆಯ ಶಬ್ದ ಹೆಸರಿನ ಮುಂದೆ ಇದೆ, ಹೊರೆ ಮಾತ್ರ ಯಾರ ಹೆಗಲ ಮೇಲೂ ಇಲ್ಲ. ಬುಟ್ಟಿ ಹೊತ್ತವರಿಗೆ ಅಂಥ ಹುದ್ದೆ ಇರಲಿಲ್ಲ, ಮಣ್ಣು ಇತ್ತು.

ನಮ್ಮ ಪಕ್ಷದ ಮನೆಯೂ ಇದಕ್ಕೆ ಹೊರತಾಗಿಲ್ಲವೆಂದು ನೋವಿನಿಂದ ಬರೆಯುತ್ತೇನೆ. ತಾಲೂಕಿಗೊಬ್ಬ ಇನ್‌ಚಾರ್ಜ್, ಹೋಬಳಿಗೊಬ್ಬ ಇನ್‌ಚಾರ್ಜ್ ಎಂದು ಯಾದಿ ಮಾಡುತ್ತೇವೆ. ಯಾದಿಯಲ್ಲಿ ಹೆಸರು ಬಂದವರು ಒಮ್ಮೆಯಾದರೂ ಒಬ್ಬ ರೈತನ ಜೊತೆ ಸಾಲದ ಮೇಜಿನ ತನಕ ನಡೆದಿದ್ದೇವೆಯೇ? ಆ ಹಿರಿಯರು ಸಹಿ ಹಾಕಿದ ದಿನ ನಾನು ಕುಮಟೆಯಲ್ಲೇ ಇದ್ದೆ. ಯಾವುದೋ ಠರಾವಿನ ಕರಡು ಬರೆಯುತ್ತಿದ್ದೆ.

ಆದುದರಿಂದ ಕಾರ್ಯಕರ್ತರಲ್ಲಿ ನನ್ನ ವಿನಂತಿ ಸಣ್ಣದು. ಊರಿನಲ್ಲಿ ಯಾರಾದರೂ ಸಾಲಕ್ಕೋ ಜಾಮೀನಿಗೋ ಹೊರಟರೆ ಜೊತೆಗೆ ಹೋಗಿರಿ. ಮೇಜಿನ ಆಚೆಯಿಂದ ಚಾರ್ಜ್ ಎಂಬ ಮಾತು ಬಂದ ಕೂಡಲೇ ಮೂರು ಪ್ರಶ್ನೆ ಕೇಳಿರಿ. ಈ ಹೊರೆ ಯಾರ ಮೇಲೆ? ಎಷ್ಟು, ಎಲ್ಲಿಯ ತನಕ? ಇಳಿಸುವುದು ಹೇಗೆ, ಯಾವ ಕಾಗದದಿಂದ? ಉತ್ತರ ಬಾಯಿಮಾತಿನಲ್ಲಿ ಬೇಡ, ತಿಳಿಯುವ ಕನ್ನಡದಲ್ಲಿ ಬರೆದು ಕೊಡಲಿ. ಜಮೀನಿನ ಮೇಲೆ ಕೂತ ಬೋಜಾ ಜಮೀನು ಕೈ ಬದಲಾದರೂ ಬೆನ್ನು ಬಿಡುವುದಿಲ್ಲವೆಂದು ಮನೆಮಂದಿಗೆಲ್ಲ ತಿಳಿಸಿರಿ. ಸಾಲ ತೀರಿಸಿದವರು ರಸೀದಿ ಮಡಚಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗದೆ, ತೀರಿದ ಪತ್ರ ಪಡೆದು ಕಂದಾಯ ಕಚೇರಿಗೆ ಕೊಟ್ಟು, ಪಹಣಿಯಿಂದ ಬೋಜಾ ಹೋಯಿತೇ ಎಂದು ಕಣ್ಣಾರೆ ನೋಡಿ ಬರಲಿ.

ಕಾಗಾಲದ ಆ ಹಿರಿಯರ ಪಹಣಿಯಿಂದ ಬೋಜಾ ಇನ್ನೂ ಇಳಿದಿಲ್ಲ. ಅಳಿಯ ಈಗ ಮತ್ತೆ ಕಂತು ಕಟ್ಟಲು ಶುರು ಮಾಡಿದ್ದಾನೆ. ಹೆಂಡತಿಯ ಶಸ್ತ್ರಕ್ರಿಯೆಗೆ ನೆಂಟರಿಷ್ಟರು ಕೂಡಿ ಹಣ ಹೊಂದಿಸಿದರು. ಮೊನ್ನೆ ಅವರು ಸಿಕ್ಕಾಗ ನಾನು ಈ ಲೇಖನದ ಮಾತು ತೆಗೆದೆ. "ಬರೀರಿ ಮಾಸ್ತರ್ರೇ, ನನ್ನ ಹೆಸರು ಮಾತ್ರ ಬೇಡ. ಇನ್ನೊಬ್ಬ ಓದಿಯಾದ್ರೂ ಸಹಿಗೆ ಮುಂಚೆ ಕೇಳಿಕೊಳ್ಳಲಿ" ಎಂದರು. ಅವರ ಅಪ್ಪಣೆಯಂತೆ ಬರೆದಿದ್ದೇನೆ. ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳುವ ಹೊಣೆ ಓದಿದವರದು.